ಬಿಸಿಲುಂಡ ಕರಿ

ನನ್ನ ಸೋದರಮಾವ ನೇಯುವ ಕಂಬಳಿ ಕರಿದು. ಅದು ಬಣ್ಣದ ಕರಿಯಲ್ಲ, ಕರಿ ಕುರಿಯ ಮೈಯಿಂದಲೇ ಬಂದ ಕರಿ. ಈ ಎರಡು ವಾಕ್ಯಗಳನ್ನು ನಾನೀಗ ಅಂಜಿಕೆಯಿಲ್ಲದೆ ಬರೆಯಬಲ್ಲೆ. ಎರಡು ವರ್ಷದ ಹಿಂದೆ ಬರೆಯಲು ಕೂತಿದ್ದರೆ 'ನನ್ನ ನೆನಪಿನ ಪ್ರಕಾರ' ಎಂದು ಆ ಕಡೆ ಒಂದು ಬೇಲಿ, 'ಮಾವ ಹೇಳುವಂತೆ' ಎಂದು ಈ ಕಡೆ ಒಂದು ಬೇಲಿ ಹಾಕಿಕೊಂಡು ನಡುವೆ ನಿಂತಿರುತ್ತಿದ್ದೆ. ಬೇಲಿ ಕಿತ್ತದ್ದು ನನ್ನ ಕಿಸೆಯ ಫೋನು. ಅದಕ್ಕೂ ಮೊದಲು ಮಾವನ ಮಾನ ಕಳೆಯಲು ಹೊರಟಿದ್ದೂ ಅದೇ ಫೋನು.

ನಾನು ಇತಿಹಾಸ ಓದಿದವನು. ವಿಶ್ವವಿದ್ಯಾಲಯದಲ್ಲಿ ನಮಗೆ ತಿದ್ದಿ ತಿದ್ದಿ ಕಲಿಸಿದ್ದು ಒಂದೇ ಪಾಠ: ಯಾರ ನೆನಪನ್ನೂ ಹಾಗೇ ನಂಬಬೇಡಿ, ದಾಖಲೆ ಕೇಳಿ. ಈ ಪಾಠವನ್ನು ನಾನು ಬೇರೆಯವರಿಗೆ ಧಾರಾಳವಾಗಿ ಅನ್ವಯಿಸುತ್ತಿದ್ದೆ. ಅದು ನನ್ನ ಮೇಲೆ ತಿರುಗಿಬಿದ್ದದ್ದು ಒಂದು ಕರಡಿಯಿಂದ. ಚಿಕ್ಕವನಿದ್ದಾಗ ಗುಡೇಕೋಟೆ ಕಡೆಯ ಬಂಡೆಯೊಂದರ ಮೇಲೆ ಕರಡಿ ಕೂತಿದ್ದನ್ನು ಕಣ್ಣಾರೆ ಕಂಡೆನೆಂದು ವರ್ಷಗಟ್ಟಲೆ ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೆ. ಅದರ ಎದೆಯ ಮೇಲಿನ ಬಿಳಿ ಗುರುತನ್ನೂ ಬಣ್ಣಿಸುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಅಕ್ಕ ತಟ್ಟೆಯಿಂದ ತಲೆಯೆತ್ತಿ, "ಕರಡಿ ನೋಡಿದಾಕಿ ನಾನು. ನೀ ಅವತ್ತು ಜ್ವರ ಬಂದು ಮನಿಯಾಗ ಮಲ್ಕಂಡಿದ್ದಿ. ನಾ ಬಂದು ಹೇಳಿದ್ದು ಕೇಳಿ ಬಾಯಿ ಬಿಟ್ಕಂಡು ಕುಂತಿದ್ದಿ" ಅಂದಳು. ಅವ್ವ ಹೂಂಗುಟ್ಟಿದಳು. ಎರಡು ಸಾಕ್ಷಿಗಳ ಎದುರು ನನ್ನ ಕರಡಿ ಬಂಡೆಯಿಂದ ಇಳಿದು ಹೋಯಿತು.

ಅವತ್ತಿನಿಂದ ಕಂಡದ್ದನ್ನೆಲ್ಲ ಫೋನಿನಲ್ಲಿ ಹಿಡಿದಿಡತೊಡಗಿದೆ. ನಾನು ಒಂದು ಕಡೆ ನಿಲ್ಲುವ ಪೈಕಿಯೂ ಅಲ್ಲ. ಅತಿಥಿ ಉಪನ್ಯಾಸಕನ ಕೆಲಸ, ವಾರಕ್ಕೆ ಮೂರು ದಿನ ಕೊಟ್ಟೂರು, ಎರಡು ದಿನ ಹರಪನಹಳ್ಳಿ. ಉಳಿದ ದಿನ ಬೈಕು ಹತ್ತಿದರೆ ಹಡಗಲಿಯೋ ಹಗರಿಬೊಮ್ಮನಹಳ್ಳಿಯೋ, ಹೋಗಿ ನಿಂತ ಮೇಲೆಯೇ ಯಾಕೆ ಬಂದೆನೆಂದು ಯೋಚಿಸುವುದು. ಹೋದಲ್ಲೆಲ್ಲ ಫೋಟೋ. ಶಾಸನದ ಕಲ್ಲು, ಮುಚ್ಚಿದ ಸಿನಿಮಾ ಟಾಕೀಸು, ಬಾವಿ, ಬೋರ್ಡು. ಒಂದು ಸಂಜೆ ನನ್ನ ಹೆಂಡತಿ ಇವನ್ನೆಲ್ಲ ಬೆರಳಲ್ಲಿ ಸರಿಸುತ್ತ ಹೋದಳು. ಅವಳು ಹರಪನಹಳ್ಳಿಯವಳು, ಮಾತು ಚೂಪು.

"ಇವೇನು ಫೋಟೋನೇನ್ರೀ? ಪಂಚನಾಮಿ ಮಾಡಿದಂಗ ಅದಾವು."

"ಅಂದ್ರ?"

"ಕಳವಾದ ಮನಿಗೆ ಪೊಲೀಸ್ನೋರು ಬಂದು ಹೊಡ್ಕಂಡು ಹೋಗ್ತಾರಲ್ಲ, ಹಂಗ. ಎಲ್ಲಾ ಐತಿ, ನೋಡಾಕ ಏನೂ ಇಲ್ಲ."

ಮಾತು ಚುಚ್ಚಿತು. ಫೋಟೋಗಳನ್ನು ಮತ್ತೆ ನೋಡಿದೆ. ಎಲ್ಲವೂ ನಡುಮಧ್ಯಾಹ್ನದವು. ಎಲ್ಲವೂ ನಾನು ಎರಡು ಕಾಲ ಮೇಲೆ ನೆಟ್ಟಗೆ ನಿಂತು ಎದೆಯ ಮಟ್ಟದಲ್ಲಿ ಫೋನು ಹಿಡಿದು ತೆಗೆದವು. ಎಲ್ಲದರಲ್ಲೂ ವಸ್ತು ಸರಿಯಾಗಿ ನಡುವಿನಲ್ಲಿ, ಆರೋಪಿಯನ್ನು ನಿಲ್ಲಿಸಿದ ಹಾಗೆ. ನನ್ನ ಫೋನು ಹೊಸದು, ದುಬಾರಿಯದು. ಆದರೆ ನೋಡುತ್ತಿದ್ದ ನಾನು ಅಲ್ಲಾಡುತ್ತಿರಲಿಲ್ಲ. ಊರೂರು ಅಲೆಯುವ ನಾನು ಫೋಟೋ ತೆಗೆಯುವಾಗ ಮಾತ್ರ ಕಂಬದ ಹಾಗೆ ನಿಲ್ಲುತ್ತಿದ್ದೆ.

ಹಾಗಾಗಿ ಬಗ್ಗುವುದನ್ನು ಕಲಿಯತೊಡಗಿದೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಮಳೆ ನಿಂತ ಮೇಲೆ ಕುಕ್ಕರುಗಾಲಲ್ಲಿ ಕೂತು, ಫೋನನ್ನು ತಲೆಕೆಳಗು ಮಾಡಿ, ಲೆನ್ಸು ಗುಂಡಿಯ ನೀರಿಗೆ ತಾಗುವಷ್ಟು ಹತ್ತಿರ ಹಿಡಿದೆ. ಗುಂಡಿ ಕೆರೆಯಾಯಿತು, ಅದರೊಳಗೆ ಕೆಂಪು ಬಸ್ಸು ತಲೆಕೆಳಗಾಗಿ ನಿಂತಿತು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಬಂದು, "ಏನ್ ಕಳಕೊಂಡ್ರಿ ಸಾರ್?" ಎಂದು ತಾವೂ ಬಗ್ಗಿ ಹುಡುಕತೊಡಗಿದರು. ಫೋಟೋ ತೋರಿಸಿದೆ. ಅವರು ಅದನ್ನು ನೋಡಿ, ಗುಂಡಿಯನ್ನು ನೋಡಿ, "ಇಷ್ಟು ಚಂದ ಐತಂತ ಗೊತ್ತಿದ್ರ ನಾವ್ಯಾಕ ದಿನಾ ಬೈಯ್ತಿದ್ವಿ ಇದನ್ನ" ಅಂದರು.

ಹಡಗಲಿಯಲ್ಲಿ ಮಲ್ಲಿಗೆಯ ರಾಶಿ ತೆಗೆಯಲು ಹೋದಾಗ ನನ್ನ ಪರದೆಯಲ್ಲಿ ಬಿಳಿ ಸುಣ್ಣದ ಗುಡ್ಡೆ ಬಿಟ್ಟರೆ ಮತ್ತೇನೂ ಬರಲಿಲ್ಲ. ಹೂವಿನಾಕೆ ನನ್ನನ್ನು ನೋಡೇ ಇಲ್ಲವೆಂಬಂತೆ, ಮೊಗ್ಗು ಬಾಡುತ್ತದೆಂದು ಕರಿ ಕೊಡೆಯನ್ನು ರಾಶಿಯ ಮೇಲೆ ವಾಲಿಸಿದಳು. ನೆರಳು ಬಿದ್ದ ಕೂಡಲೇ ಒಂದೊಂದು ಮೊಗ್ಗೂ ತೊಟ್ಟಿನ ಸಮೇತ ಬೇರೆಬೇರೆಯಾಗಿ ಎದ್ದುನಿಂತಿತು. ಬೆಳಕು ಹೆಚ್ಚಿದ್ದರೆ ಹೆಚ್ಚು ಕಾಣುತ್ತದೆ ಎಂದುಕೊಂಡಿದ್ದವನಿಗೆ ಅದೊಂದು ಪೆಟ್ಟು. ಆ ಫೋಟೋ ಕಾಲೇಜಿನ ಸಹೋದ್ಯೋಗಿಗಳ ಫೋನಿಗೆಲ್ಲ ಹೋಯಿತು, ಒಬ್ಬರ ಮಗಳ ನಾಮಕರಣದ ಆಮಂತ್ರಣದಲ್ಲೂ ಅಚ್ಚಾಯಿತು. ನಾನು ಆ ಕಾರ್ಡನ್ನು ಮೂರು ಇಸಕೊಂಡು ಬಂದೆ. ಹೆಮ್ಮೆಪಡುವುದಕ್ಕೆ ಅಭ್ಯಾಸ ಬೇಕು, ನನಗಿರಲಿಲ್ಲ, ಆದರೂ ಪಟ್ಟೆ.

ಆ ಸುದ್ದಿ ಮಾವನ ಕಿವಿಗೂ ಬಿತ್ತು. ಮಾವನ ಊರು ಕೂಡ್ಲಿಗಿಯಿಂದ ಒಳಗೆ, ಗುಡೇಕೋಟೆಯ ದಾರಿಯಲ್ಲಿ. ಮನೆಯ ಪಡಸಾಲೆಯಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ. ಅತ್ತೆ ಉಣ್ಣೆ ನೂಲುತ್ತಾಳೆ, ಮಾವ ಆ ನೂಲನ್ನು ಬೀದಿಯುದ್ದ ಚಾಚಿ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ ನೇಯುತ್ತಾನೆ. ಅವನು ಫೋನು ಮಾಡಿದ.

"ಏನಪಾ ಅಳಿಯಾ, ಮಲ್ಲಿಗಿ ಹೂವಿನ ಪೋಟ ಹೊಡದು ದೊಡ್ಡ ಮನಿಷಾ ಆಗೀಯಂತ. ನಂದೊಂದು ಕಂಬಳಿ ಹೊಡಿ ಬಾ."

ವಿಷಯ ಇಷ್ಟು. ನಗರವೊಂದರಲ್ಲಿ ಕೈಯಿಂದ ನೇಯ್ದ ಉಣ್ಣೆ ಬಟ್ಟೆಗಳ ಪ್ರದರ್ಶನ. ಬಣ್ಣ ಹಾಕದ ಉಣ್ಣೆಗೆ ಮಾತ್ರ ಜಾಗ. ಮೊದಲು ಐದು ಫೋಟೋ ಕಳಿಸಬೇಕು, ಆರಿಸುವವರು ಫೋಟೋ ನೋಡಿಯೇ ಆರಿಸುತ್ತಾರೆ. ಮಾವನಿಗೆ ನಗರದ ಹುಚ್ಚೇನಿರಲಿಲ್ಲ. ಸಂತೆಯಲ್ಲಿ ಅವನ ಕಂಬಳಿಯ ಪಕ್ಕದಲ್ಲೇ ಬಣ್ಣದಲ್ಲಿ ಅದ್ದಿದ ಕಂಬಳಿಗಳೂ ಮಾರಾಟಕ್ಕಿರುತ್ತಿದ್ದವು. ಬರುವವರು ಎರಡನ್ನೂ ಮುಟ್ಟಿ, "ಎರಡೂ ಒಂದ ಬಿಡು" ಎನ್ನುತ್ತಿದ್ದರು. "ನಮ್ಮಪ್ಪ ಸಾಯೋತನಕ ಬಣ್ಣದ ಡಬ್ಬಿ ಹೊಸ್ತಿಲ ದಾಟಿಸಿಲ್ಲ, ನಾನೂ ದಾಟಿಸಿಲ್ಲ. ಅದನ್ನ ತಿಳದಾರು ಯಾರರ ಒಬ್ಬರು ಬರದು ಕೊಡ್ಲಿ. ಅಷ್ಟ ನನಗ ಬೇಕಾದ್ದು" ಅಂದ.

ನಾನು ಹೋದೆ. ಕಂಬಳಿಯನ್ನು ಗೋಡೆಗೆ ನೇತುಹಾಕಿ, ಪಕ್ಕದಲ್ಲಿ ಮಾವನನ್ನು ನಿಲ್ಲಿಸಿ, ಒಳ್ಳೆ ಬೆಳಕಿದೆಯೆಂದು ಹನ್ನೆರಡು ಗಂಟೆಯ ಬಿಸಿಲಲ್ಲಿ ತೆಗೆದೆ. ಅಷ್ಟು ಕಲಿತದ್ದೆಲ್ಲ ಎಲ್ಲಿಗೆ ಹೋಯಿತೋ. ಇದು ದಾಖಲೆ ಎಂಬ ಮಾತು ತಲೆಯಲ್ಲಿ ಬಂದ ಕೂಡಲೇ ಕೈ ಹಳೇ ಪಂಚನಾಮೆಗೆ ಮರಳಿತ್ತು. ಮುಖವನ್ನು ಬೆಳ್ಳಗೆ ಮಾಡುವ ಬ್ಯೂಟಿ ಗುಂಡಿ ಕೈತಪ್ಪಿ ಒತ್ತಿಹೋಗಿದ್ದನ್ನೂ ನಾನು ನೋಡಿರಲಿಲ್ಲ. ಮಾವ ಪರದೆಯನ್ನು ಕಣ್ಣ ಹತ್ತಿರ ಹಿಡಿದ.

"ಇದ್ಯಾರ ಕಂಬಳಿಲೇ? ಬೂದಿಯಾಗ ಹೊರಳ್ಯಾಡಿದಂಗ ಐತಿ. ನನ್ನೂ ಬೆಳ್ಳಗ ಮಾಡಿ, ಅದನ್ನೂ ಬೆಳ್ಳಗ ಮಾಡೀ. ನಮ್ಮಿಬ್ಬರ್ದೂ ಮದುವಿ ಮಾಡಾಕ ಹೊಂಟೀಯೇನು?"

ಒಳಗಿಂದ ಅತ್ತೆ, "ಮಾಡ್ಲಿ ಬಿಡ್ರಿ, ದಿನಪೂರ್ತಿ ಅದರ ಕೂಡನ ಇರ್ತೀರಿ" ಅಂದಳು.

ಪರದೆಯಲ್ಲಿ ಹಾಗೆ ಕಾಣುತ್ತದೆ, ಅವರ ಹತ್ತಿರ ಸರಿ ಕಾಣುತ್ತದೆ ಎಂದು ಓದಿದವನ ಗತ್ತಿನಲ್ಲಿ ಹೇಳಿ ಕಳಿಸಿಬಿಟ್ಟೆ. ಮೂರು ದಿನಕ್ಕೆ ಮಾವನ ಫೋನಿಗೆ ಉತ್ತರ ಬಂತು. ಕರಿ ಎಂದು ಬರೆದಿದ್ದೀರಿ, ಚಿತ್ರದಲ್ಲಿ ಬೂದು ಉಣ್ಣೆ ಬೆರೆತಂತೆ ಕಾಣುತ್ತದೆ, ದಯವಿಟ್ಟು ಬೇರೆ ಚಿತ್ರ ಕಳಿಸಿ ಎಂದಿತ್ತು.

ಮತ್ತೆ ಅಷ್ಟು ದೂರ ಹೋಗಲು ಬೇಸರವಾಯಿತು. ಕೊಟ್ಟೂರಿನ ಮನೆಯಲ್ಲಿ ಕೂತು ಅದೇ ಫೋಟೋಗಳನ್ನು ತೆರೆದು, ಬೆಳಕಿನ ಪಟ್ಟಿಯನ್ನು ಕೆಳಗೆಳೆದು, ನೆರಳಿನ ಪಟ್ಟಿಯನ್ನೂ ಎಳೆದು, ಕಂಬಳಿಯನ್ನು ಡಾಂಬರಿನಷ್ಟು ಕರಿ ಮಾಡಿದೆ. ಚೆನ್ನಾಗಿಯೇ ಕಂಡಿತು. ಮಾವನಿಗೆ ಹೇಳದೆ ಕಳಿಸಿದೆ. ಈ ಸಲ ಮರುದಿನವೇ ಉತ್ತರ ಬಂತೆಂದು ಕಾಣುತ್ತದೆ. ಮಾವ ನನಗೆ ಫೋನು ಮಾಡಿದ. ಒಂದೇ ಮಾತು ಕೇಳಿದ.

"ಬಣ್ಣ ಹಾಕೀಯೇನ್ಲೇ?"

ಅವರು ಬರೆದದ್ದನ್ನು ಓದಿ ಹೇಳಿದ. ಕರಿ ತುದಿಯಿಂದ ತುದಿಗೆ ಒಂದೇ ಸಮ ಇದೆ, ಬಣ್ಣ ಹಾಕಿದ ಉಣ್ಣೆಯಂತಿದೆ, ಅಂಥದ್ದನ್ನು ನಾವು ತೆಗೆದುಕೊಳ್ಳುವುದಿಲ್ಲ.

"ಕಂಬಳಿಗೆ ಹಾಕಿಲ್ಲ ಮಾವ. ಫೋನಿನಾಗ ಸ್ವಲ್ಪ..."

"ಎಲ್ಲಿ ಹಾಕಿದ್ರೂ ಬಣ್ಣ ಬಣ್ಣನ" ಅಂದು ಇಟ್ಟುಬಿಟ್ಟ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಾವ ಮನೆಯೊಳಗೆ ಬಿಟ್ಟುಕೊಳ್ಳದ ಬಣ್ಣವನ್ನು ನಾನು ಕೊಟ್ಟೂರಿನಲ್ಲಿ ಕೂತು ಹೆಬ್ಬೆರಳಲ್ಲಿ ಬಳಿದಿದ್ದೆ. ಪ್ರದರ್ಶನದವರಿಗೆ ತಪ್ಪು ನನ್ನದೆಂದು ಬರೆದು ಇನ್ನೊಂದು ಅವಕಾಶ ಕೇಳಿದೆ. ಸೋಮವಾರದೊಳಗೆ ಕಳಿಸಿ, ಆಮೇಲೆ ನೋಡುವುದಿಲ್ಲ ಎಂದರು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ವಾರ ನನಗೆ ಮಾವನ ಮೇಲೆಯೇ ಅನುಮಾನ ಬಂದಿತ್ತು. ಕಂಬಳಿ ಕರಿ ಎಂದು ನಾನು ನಂಬಿದ್ದು ಯಾವ ಆಧಾರದ ಮೇಲೆ? ಚಿಕ್ಕಂದಿನಲ್ಲಿ ತಾಯಿಯ ತಂದೆಯ ಕಂಬಳಿಯೊಳಗೆ ಮಲಗುತ್ತಿದ್ದೆ, ಮುಸುಕು ಹಾಕಿದರೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ, ಅಷ್ಟು ಕರಿ. ಅದೇ ಕರಿಯನ್ನು ಮಾವನ ಕಂಬಳಿಯಲ್ಲಿ ನೋಡುತ್ತಿದ್ದೆನೋ ಏನೋ. ಅವ್ವನನ್ನು ಕೇಳಿದೆ. "ನಮ್ಮಪ್ಪನ ಕಂಬಳಿನಾ? ಅದು ಪೂರ್ತಿ ಕರಿ ಎಲ್ಲಿತ್ತು, ಅದರ ಅಂಚಿಗೆ ನಾಕು ಬೆರಳು ಅಗಲ ಬಿಳಿ ಪಟ್ಟಿ ಇತ್ತಲ್ಲೋ" ಅಂದಳು. ಬಿಳಿ ಪಟ್ಟಿ ನನ್ನ ನೆನಪಿನಲ್ಲಿ ಒಂದೆಳೆಯೂ ಇರಲಿಲ್ಲ. ಕರಡಿಯ ಹಿಂದೆ ಈ ಕಂಬಳಿಯೂ ಹೊರಟಿತು. ಫೋನು ಬೂದು ಎನ್ನುತ್ತಿದೆ, ಮಾವ ಕರಿ ಎನ್ನುತ್ತಾನೆ. ಫೋನಿಗೆ ಸುಳ್ಳು ಹೇಳಿ ಆಗಬೇಕಾದ್ದೇನು?

ಆಮೇಲೆ ಓದಿ ತಿಳಿದುಕೊಂಡೆ, ಫೋನು ಸುಳ್ಳು ಹೇಳುತ್ತದೆ, ಅದಕ್ಕೆ ಕಾರಣವೂ ಇದೆ. ಚೌಕಟ್ಟಿನ ತುಂಬ ಕರಿ ಇಟ್ಟರೆ, ಇಷ್ಟು ಕತ್ತಲೆ ಇರಲಾರದೆಂದು ಅದು ತಾನೇ ಬೆಳಕು ಏರಿಸುತ್ತದೆ. ಕರಿಯನ್ನೂ ಬಿಳಿಯನ್ನೂ ನಡುವಿನ ಬೂದುಬಣ್ಣಕ್ಕೆ ಎಳೆದು ತಂದು ನಿಲ್ಲಿಸುವುದು ಅದರ ಸ್ವಭಾವ. ಓದುತ್ತಿದ್ದಂತೆ ನಗು ಬಂತು. ಇದಕ್ಕೂ ನನ್ನ ಹಾಗೇ ಯಾರೋ ಕಲಿಸಿದ್ದಾರೆ. ಯಾರಾದರೂ ಅಪ್ಪಟ ಎಂದರೆ ಸಾಕು, ಅಷ್ಟೇನೂ ಇರಲಿಕ್ಕಿಲ್ಲ ಎಂದು ಅರ್ಧಕ್ಕೆ ಇಳಿಸುವುದು.

ಭಾನುವಾರ ಮಧ್ಯಾಹ್ನ ಬಿಸಿಲು ವಾಲುವ ಹೊತ್ತಿಗೆ ಮಾವನ ಮನೆ ಮುಟ್ಟಿದೆ. ಅತ್ತೆ ಮಜ್ಜಿಗೆ ಕೊಟ್ಟಳು. ಮಾವ ಮಗ್ಗದಿಂದ ಏಳಲಿಲ್ಲ. "ಬಾ" ಎಂದನಷ್ಟೇ. ನಾನೇ ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಕಂಬಳಿ ಹಾಸಿದೆ. ಮೇಲಿನಿಂದ ನೇರ ಕೆಳಗೆ ತೆಗೆದರೆ ನೇಯ್ಗೆ ಪೂರ್ತಿ ಬರುತ್ತದೆ ಎಂದು ಲೆಕ್ಕ ಹಾಕಿ, ಕಂಬಳಿಯ ನಡುವೆ ನಿಲ್ಲಲು ಒಂದು ಕಾಲು ಎತ್ತಿ ಮುಂದಿಟ್ಟೆ.

"ಏ! ಕಾಲು! ಕಾಲು!" ಅತ್ತೆಯ ಕೈಯಿಂದ ಚೆಂಬು ಬಿತ್ತು.

ಮಾವ ಮಗ್ಗದ ಗುಂಡಿಯಿಂದ ಎದ್ದೇ ಬಂದ. "ಚಪ್ಪಲಿ ಕಾಲಾಗ ಕಂಬಳಿ ತುಳಿತೀಯೇನ್ಲೇ? ಅದು ಗದ್ದಿಗಿ. ಮದುವ್ಯಾಗ ನಿನ್ನ ಕುಂದರ್ಸಿದ್ದು ಯಾತರ ಮ್ಯಾಲ? ನೆಪ್ಪೈತೋ ಇಲ್ಲೋ?"

ನೆನಪಿತ್ತು, ಅಥವಾ ಮದುವೆಯ ಫೋಟೋದಲ್ಲಿತ್ತು. ನಮ್ಮ ಕಡೆ ಕಂಬಳಿ ಹಾಸಿದರೆಂದರೆ ಅದು ಪೂಜೆಯ ಜಾಗ. ಹಾಸಿದ್ದರ ಮೇಲೆ ಕೂರಬಹುದು, ಮಲಗಬಹುದು, ತುಳಿಯಬಾರದು, ದಾಟಬಾರದು. ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಕೈಯಲ್ಲಿ ಫೋನು ಬಂದ ಕೂಡಲೇ ಮರೆತುಹೋಗಿತ್ತು. ಕಾಲು ಹಿಂದೆಗೆದು, ಚಪ್ಪಲಿ ಬಿಟ್ಟು, ಕಂಬಳಿಯ ಅಂಚಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡೆ. ಇನ್ನು ಮೇಲಿನಿಂದ ತೆಗೆಯುವ ಮಾತಿಲ್ಲ. ಅಂಚಿನಾಚೆಯೇ ಇದ್ದು ಏನಾದರೂ ಮಾಡಬೇಕು. ನಿಂತರೆ ದೂರ, ಕೂತರೂ ಎತ್ತರ. ಕೊನೆಗೆ ಅಂಗಳದ ಮಣ್ಣಿನಲ್ಲಿ ಬೋರಲು ಮಲಗಿ, ಗದ್ದವನ್ನು ನೆಲಕ್ಕಿಟ್ಟು, ಫೋನನ್ನು ಕಂಬಳಿಯ ಮಟ್ಟಕ್ಕೆ ಹಿಡಿದೆ.

"ಮಕ್ಕಂಡ್ಯಾ?" ಅಂದ ಮಾವ. "ಮಜ್ಜಿಗಿಗೇ ಇಷ್ಟು ನಿದ್ದಿ ಬಂತಾ?"

ಎದುರಿನಿಂದ ಇಳಿಬಿಸಿಲು ಕಂಬಳಿಯನ್ನು ಸವರಿಕೊಂಡು ಬರುತ್ತಿತ್ತು. ನಿಂತು ನೋಡಿದಾಗ ಕಾಣದ ಒಂದು ಸಂಗತಿ ನೆಲಕ್ಕೆ ಗದ್ದ ಇಟ್ಟಾಗ ಕಂಡಿತು. ಕರಿಯ ಮೇಲೆ ಕೆಂಪಗೆ, ತೀರ ತೆಳ್ಳಗೆ, ಸಾವಿರಾರು ಎಳೆಗಳು ಎದ್ದು ನಿಂತಿದ್ದವು. ಎರೆ ಹೊಲದ ಮೇಲೆ ಒಣಹುಲ್ಲು ಬಿಸಿಲಿಗೆ ಹೊಳೆದಂತೆ. ಹಾಗಾದರೆ ಬೇರೆ ಉಣ್ಣೆ ಬೆರೆತದ್ದು ನಿಜ.

"ಮಾವ, ಇದರಾಗ ಕೆಂಪು ಐತಲ್ಲ?"

"ಐತಿ. ಇರ್ಲಾರದ ಏನು?"

"ಎಲ್ಲಿಂದ ಬಂತು?"

ಮಾವ ನನ್ನ ಪಕ್ಕದಲ್ಲಿ ಕೂತ. ಅತ್ತೆಯ ಬುಟ್ಟಿಯಿಂದ ಇನ್ನೂ ನೂಲದ ಉಣ್ಣೆಯ ಒಂದು ಎಸಳು ತೆಗೆದು ಬೆರಳುಗಳ ನಡುವೆ ಹಿಡಿದ. "ನೋಡು. ಕುರಿ ದಿನಾ ಬಿಸಿಲಾಗ ಮೇಯ್ತೈತಿ. ಬುಡದಾಗಿಂದು ಮೈಗೆ ಅಂಟಿರ್ತೈತಿ, ಅದು ಕರೀನ ಇರ್ತೈತಿ. ತುದಿ ಬಿಸಿಲುಂಡು ಕೆಂಪಾಗಿರ್ತೈತಿ. ನಾವು ಅದಕ್ಕ ಬಿಸಿಲುಂಡ ಕರಿ ಅಂತೀವಿ. ಬಣ್ಣದಾಗ ಅದ್ದಿದ್ರ ತುದಿನೂ ಕರಿ ಆಗ್ತೈತಿ, ಕೆಂಪು ಎಲ್ಲುಳಿತೈತಿ?"

ನಾನು ಮಣ್ಣಿನಲ್ಲಿ ಎದ್ದು ಕೂತೆ. "ಇದನ್ನ ಮದ್ಲ ಹೇಳಬಾರದಿತ್ತ?"

"ನೀ ಎಲ್ಲಿ ಕೇಳ್ದಿ? ಎಮ್ಮೆ ಓದಿದಾವ, ಗೊತ್ತಿರ್ತೈತಿ ಅಂದ್ಕಂಡಿದ್ದೆ."

ಎಂ.ಎ.ಯನ್ನು ಮಾವ ಮೊದಲಿನಿಂದಲೂ ಎಮ್ಮೆ ಎಂದೇ ಕರೆಯುವುದು. ಅತ್ತೆ ಒಳಗೆ ಮುಸಿಮುಸಿ ನಕ್ಕಳು. ಮಾವನೂ ನಕ್ಕ. ಆ ವಾರದಲ್ಲಿ ಮೊದಲ ಸಲ.

ಅಲ್ಲಿಂದ ಕೆಲಸ ಇಬ್ಬರದೂ ಆಯಿತು. ಮೊದಲು ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿದೆ, ಅದರ ಮೇಲೆ ದಾರಿಯ ಧೂಳೆಲ್ಲ ಕೂತಿತ್ತು. ಪರದೆಯಲ್ಲಿ ಕರಿ ಇದ್ದ ಜಾಗದ ಮೇಲೆ ಬೆರಳು ಒತ್ತಿಹಿಡಿದೆ, ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಮೂಡಿತು, ಅದನ್ನು ಮೆಲ್ಲಗೆ ಕೆಳಗೆ ಜಾರಿಸಿದೆ. ಬೂದು ಕರಗಿ ಅಂಗಳದಲ್ಲಿ ಕಣ್ಣಿಗೆ ಕಾಣುತ್ತಿದ್ದ ಕರಿಗೆ ಬಂದು ನಿಂತಿತು. ಅಲ್ಲಿಗೇ ನಿಲ್ಲಿಸಿದೆ, ಅದಕ್ಕಿಂತ ಒಂದು ಕೂದಲೂ ಕೆಳಗೆ ಎಳೆಯಲಿಲ್ಲ. ಮಾವ ಪ್ರತಿ ಸಲವೂ ಪರದೆಯನ್ನೂ ಕಂಬಳಿಯನ್ನೂ ತಾಳೆ ನೋಡಿ, "ಹಾಂ, ಇದು ನಂದು" ಎಂದ ಮೇಲೆಯೇ ಮುಂದಿನದು. ಅವನು ಒಂದು ಮೂಲೆಯನ್ನು ಎತ್ತಿ ಮಡಚಿ ಹಿಡಿದ. ಮಡಿಕೆಯ ಒಳಗೆ ಕತ್ತಲು, ಮಡಿಕೆಯ ನೆತ್ತಿಯ ಮೇಲೆ ಕೆಂಪು ಅಂಚು. ಅವನ ಹೆಬ್ಬೆರಳು ಚೌಕಟ್ಟಿನೊಳಗೆ ಬಂತು. ಮೊದಲಾಗಿದ್ದರೆ ಸರಿಸು ಎನ್ನುತ್ತಿದ್ದೆ, ಈಗ ಇರಲಿ ಎಂದೆ. ಕೊನೆಯದಾಗಿ ನೂಲದ ಆ ಎಸಳನ್ನು ಸೂರ್ಯನಿಗೆ ಅಡ್ಡ ಹಿಡಿಸಿ ತೆಗೆದೆ. ಬುಡ ಕರಿ, ತುದಿ ಉರಿವ ಬತ್ತಿಯ ಹಾಗೆ.

ಅಷ್ಟರಲ್ಲಿ ಬಿಸಿಲು ಹೋಯಿತು. ನಲವತ್ತು ತೆಗೆದದ್ದರಲ್ಲಿ ಐದು ಆರಿಸಿದ್ದು ಮಾವನೇ. ಯಾವುದಕ್ಕೂ ಮರುಬೆರಳು ಮುಟ್ಟಿಸದೆ ಕಳಿಸಿದೆ. ಕೆಳಗೆ ಎರಡು ಸಾಲು ಬರೆದೆ: 'ಕಂಬಳಿಗೆ ಬಣ್ಣ ಹಾಕಿಲ್ಲ. ಈ ಸಲ ಚಿತ್ರಕ್ಕೂ ಹಾಕಿಲ್ಲ.'

ಅವರು ಕಂಬಳಿಯನ್ನು ಆರಿಸಿದರು. ಉಣ್ಣೆಯ ಎಸಳಿನ ಫೋಟೋವನ್ನು ದೊಡ್ಡದು ಮಾಡಿ ಪಕ್ಕದಲ್ಲಿ ತೂಗುಹಾಕಲು ಒಪ್ಪಿಗೆಯನ್ನೂ ಕೇಳಿದರು. ನಾನು ಆ ಸಂದೇಶವನ್ನು ಹೆಂಡತಿಗೆ ತೋರಿಸಿದಾಗ ಅವಳು ಫೋಟೋವನ್ನು ಬಹಳ ಹೊತ್ತು ನೋಡಿ, "ಇದನ್ನ ಪೊಲೀಸ್ನೋರು ಹೊಡದಿಲ್ಲ ಬಿಡ್ರಿ" ಅಂದಳು. ನನಗೆ ಪದವಿ ಬಂದ ದಿನ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿದ ನೆನಪಿಲ್ಲ. ಹೇಳಿದ್ದರೂ ಹೇಳಿರಬಹುದು.

ಪ್ರದರ್ಶನಕ್ಕೆ ಮಾವನ ಜೊತೆ ನಾನೂ ಹೋಗಿದ್ದೆ. ಕಂಬಳಿಯನ್ನು ಸೊಂಟದೆತ್ತರದ ಮೇಜಿನ ಮೇಲೆ ಹಾಸಿದ್ದರು. ಪಕ್ಕದ ಗೋಡೆಯಲ್ಲಿ ನನ್ನ ಫೋಟೋ, ಅದರ ಕೆಳಗೆ ಅಚ್ಚಿನ ಚೀಟಿ: 'ಬಣ್ಣ ಹಾಕದ ಕರಿ ಉಣ್ಣೆ', ಅದರ ಕೆಳಗೆ ಮಾವನ ಹೆಸರು, ಊರು. ಮಾವ ಚೀಟಿಯನ್ನು ಗಟ್ಟಿಯಾಗಿ ಒಂದು ಸಲ ಓದಿದ, ಸುಮ್ಮನೆ ಒಂದು ಸಲ ಓದಿದ. ಟವೆಲಿನಿಂದ ಮುಖ ಒರೆಸಿಕೊಂಡು ಕಂಬಳಿಯ ಪಕ್ಕ ನಿಂತ.

ಬಂದವರು ನಿಂತಲ್ಲೇ ಕಂಬಳಿಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು. ಮಾವ ಸ್ವಲ್ಪ ಹೊತ್ತು ತಡೆದ. ಆಮೇಲೆ ಒಬ್ಬರನ್ನು ಕರೆದೇಬಿಟ್ಟ. "ನಿಂತು ನೋಡಿದ್ರ ಕಾಣಂಗಿಲ್ರಿ. ಬಗ್ರಿ. ಇನ್ನೂ ಬಗ್ರಿ. ಗದ್ದ ಮೇಜಿಗೆ ಹಚ್ರಿ. ಹಾಂ, ಈಗ ಕಿಟಕಿ ಕಡೆ ನೋಡ್ರಿ." ಅವರು ಬಗ್ಗಿದರು. "ಅರೆ, ಕೆಂಪು!" ಎಂದರು. ಅವರ ಹಿಂದಿನವರೂ ಬಗ್ಗಿದರು. ಸ್ವಲ್ಪ ಹೊತ್ತಿಗೆ ಆ ಮೇಜಿನ ಸುತ್ತ ಆರೇಳು ಮಂದಿ, ಒಳ್ಳೊಳ್ಳೆ ಬಟ್ಟೆ ಹಾಕಿದವರು, ಮೇಜಿಗೆ ಗದ್ದ ಇಟ್ಟು ಕಂಬಳಿಯ ಮಟ್ಟಕ್ಕೆ ಕಣ್ಣು ತಂದು ನಿಂತಿದ್ದರು. ನಡುವೆ ಮಾವನೊಬ್ಬ ನೆಟ್ಟಗೆ.

ಆ ಫೋಟೋ ನನ್ನ ಹತ್ತಿರ ಇದೆ. ಮಾವನ ಕಾಲು ಅದರಲ್ಲಿ ಬಂದಿಲ್ಲ, ಅರ್ಧ ತಲೆಯೂ ಮೇಲೆ ಕತ್ತರಿಸಿದೆ, ಮೂಲೆಯಲ್ಲಿ ಯಾರದೋ ಚೀಲ. ತೆಗೆಯುವ ಅವಸರದಲ್ಲಿ ಚೌಕಟ್ಟನ್ನು ನೋಡಿಕೊಂಡಿರಲಿಲ್ಲ. ಆದರೂ ನಾನು ತೆಗೆದವುಗಳಲ್ಲಿ ಅದೇ ಒಳ್ಳೆಯದು ಎಂದು ಹೇಳುತ್ತೇನೆ, ಯಾರಾದರೂ ಕೇಳಿದರೂ, ಕೇಳದಿದ್ದರೂ.